ರಾಷ್ಟ್ರಕೂಟರ ಕಾಲದ ವೃತ್ತಗಣಿತ ಮತ್ತು ನಮ್ಮ ಬಂಡಿಯ ಗಾಲಿ

ಹೈಸ್ಕೂಲು ಓದಿದವರು ಏನು ಮರೆತರೂ 22/7 ಮರೆಯುವುದಿಲ್ಲ. ತ್ರಿಜ್ಯದ ಎರಡರಷ್ಟನ್ನು ಅದರಿಂದ ಗುಣಿಸಿದರೆ ಪರಿಧಿ, ತ್ರಿಜ್ಯದ ವರ್ಗವನ್ನು ಗುಣಿಸಿದರೆ ವಿಸ್ತೀರ್ಣ. ಈ ಲೆಕ್ಕಕ್ಕೂ ನಮ್ಮ ಸೀಮೆಗೂ ಹಳೆಯ ನಂಟಿದೆ.

ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡು ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. ಅವರ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲೂಕಿನ ಇಂದಿನ ಮಳಖೇಡ. ಕ್ರಿ.ಶ. 850ರ ಸುಮಾರಿಗೆ ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಗ್ರಂಥದ ಆರಂಭದಲ್ಲೇ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ.

ವೃತ್ತಕ್ಕೆ ಅವರು ಎರಡು ಬಗೆಯ ಲೆಕ್ಕ ಹೇಳುತ್ತಾರೆ. ವ್ಯಾವಹಾರಿಕ ಲೆಕ್ಕದಲ್ಲಿ ವ್ಯಾಸದ ಮೂರರಷ್ಟು ಪರಿಧಿ. ಸೂಕ್ಷ್ಮ ಲೆಕ್ಕದಲ್ಲಿ ಮೂರರ ಬದಲು ಹತ್ತರ ವರ್ಗಮೂಲ, ಅಂದರೆ ಸುಮಾರು 3.162. ವಿಸ್ತೀರ್ಣಕ್ಕೂ ಅದೇ ಸಂಖ್ಯೆ. ಗುಣಿಸಬೇಕಾದದ್ದು ಅರ್ಧ ವ್ಯಾಸದ ವರ್ಗವನ್ನು. ಆದ್ದರಿಂದಲೇ ದುಂಡನೆಯ ಹಗೇವಿನ ತ್ರಿಜ್ಯ ಎರಡು ಪಟ್ಟಾದರೆ, ಆಳ ಅಷ್ಟೇ ಇದ್ದರೂ, ಹಿಡಿಯುವ ಜೋಳ ನಾಲ್ಕು ಪಟ್ಟು.

ಎರಡೂವರೆ ಅಡಿ ತ್ರಿಜ್ಯದ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕಬೇಕೆನ್ನಿ. ಮೂರರ ಲೆಕ್ಕದಲ್ಲಿ ಸುತ್ತಳತೆ 15 ಅಡಿ. ಹತ್ತರ ವರ್ಗಮೂಲದಿಂದ 15 ಅಡಿ, ಹತ್ತಿರ ಹತ್ತಿರ 10 ಅಂಗುಲ. ನಿಜವಾದದ್ದು 15 ಅಡಿ ಎಂಟೂವರೆ ಅಂಗುಲ. ಮೊದಲನೆಯದು ಗಾಲಿಯನ್ನು ಸುತ್ತಿ ಬರುವುದೇ ಇಲ್ಲ. ಎರಡನೆಯದು ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಪಟ್ಟಿ ಸಡಿಲಾಗುತ್ತದೆ. ಗಾಲಿಯನ್ನೇ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆದರೆ ಈ ತೊಡಕೇ ಇಲ್ಲ!

ನಮ್ಮವರೆಂಬ ಅಭಿಮಾನದಲ್ಲಿ ಇಲ್ಲದ್ದನ್ನು ಹೇಳಬಾರದು. ಮಹಾವೀರಾಚಾರ್ಯರಿಗಿಂತ ಮೂರೂವರೆ ಶತಮಾನ ಮೊದಲೇ, 499ರಲ್ಲಿ, ಆರ್ಯಭಟನು ವ್ಯಾಸ 20,000 ಇದ್ದರೆ ಪರಿಧಿ 62,832 ಎಂದಿದ್ದ, ಅಂದರೆ 3.1416. ಅದನ್ನೂ ‘ಆಸನ್ನ’, ಹತ್ತಿರದ ಬೆಲೆ, ಎಂದೇ ಕರೆದ. ಮಹಾವೀರಾಚಾರ್ಯರು ಜೈನ ಗ್ರಂಥಗಳಲ್ಲಿ ಮೊದಲಿನಿಂದ ಬಂದ ಸಂಖ್ಯೆಯನ್ನೇ ಉಳಿಸಿಕೊಂಡರು. ಅವರ ಹಿರಿಮೆ ಬೇರೆ ಕಡೆ ಇದೆ: ಚದುರಿದ್ದ ಲೆಕ್ಕಗಳನ್ನೆಲ್ಲ ಒಂದೆಡೆ ಕೂಡಿಸಿ, ಉದಾಹರಣೆ ಕೊಟ್ಟು, ಕಲಿಯುವವನಿಗೆ ಪಠ್ಯಪುಸ್ತಕದಂತೆ ಒದಗಿಸಿದರು.

ಆ ಪುಸ್ತಕ ದೂರ ನಡೆಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಕನ್ನಡದಲ್ಲಿ ಗಣಿತ ಓದಿದವರು ಹಿಂದೆ ಬೀಳುತ್ತಾರೆಂದು ನಮ್ಮೂರಲ್ಲೂ ಹೇಳುವವರಿದ್ದಾರೆ. ಅವರಿಗೆ ರಾಜಾದಿತ್ಯನ ಹೆಸರು ಹೇಳಬೇಕು. 12ನೇ ಶತಮಾನದ ಈ ಕವಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದದ್ದು ಕನ್ನಡದಲ್ಲಿಯೇ.