ಹೊರಡುವ ಗಳಿಗೆಯಲ್ಲಿ ಮುಗ್ಗರಿಸುವ ರೇಸ್ ಕಾರು

ಡ್ರ್ಯಾಗ್ ರೇಸ್ ಎಂದರೆ ನಿಂತ ಜಾಗದಿಂದ ನೇರ ರಸ್ತೆಯಲ್ಲಿ ಓಟ. ಅಮೆರಿಕದಲ್ಲಿ ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ ಎನ್‌ಎಚ್‌ಆರ್‌ಎ ಸಂಸ್ಥೆ ಈ ಆಟಕ್ಕೆ ನಿಯಮ ತಂದಿತು. ರೂಢಿಯ ದೂರ ಕಾಲು ಮೈಲಿ, ಅಂದರೆ 402 ಮೀಟರ್. ಮೊದಲ 60 ಅಡಿಯ ಸಮಯವನ್ನು ಬೇರೆಯಾಗಿಯೇ ಅಳೆದು ಚೀಟಿಯಲ್ಲಿ ಕೊಡುತ್ತಾರೆ. ಅಲ್ಲಿ ಕಳೆದುಕೊಂಡದ್ದು ಮುಂದೆ ದಕ್ಕುವುದಿಲ್ಲ.

ಎನ್‌ಎಚ್‌ಆರ್‌ಎಯ ಪ್ರೊ ಸ್ಟಾಕ್ ವರ್ಗ 2016ರಲ್ಲಿ ಕಾರ್ಬುರೇಟರ್ ಬಿಟ್ಟು ಫ್ಯುಯೆಲ್ ಇಂಜೆಕ್ಷನ್‌ಗೆ ಹೊರಳಿತು. ಹವ್ಯಾಸಿಗಳ ಎಂಜಿನ್ ಮೇಲೆ ಮಾತ್ರ ಇಂದಿಗೂ ಹಾಲಿ (Holley) ಕಂಪನಿಯ ನಾಲ್ಕು ಬಾಯಿಯ ಕಾರ್ಬುರೇಟರ್ ಕೂತಿರುತ್ತದೆ. ಅದರ ಮೇಲಿನ ಹಳೆಯ ದೂರು ಒಂದೇ: ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದು ಕ್ಷಣ ಗಕ್ಕನೆ ನಿಂತಂತಾಗಿ ಆಮೇಲೆ ಓಡುತ್ತದೆ. ಕೂಡಲೇ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ಮುಖ್ಯ ರಂಧ್ರ) ಬದಲಿಸಲು ಕೈ ಹಾಕುವವರೇ ಹೆಚ್ಚು. ಅದು ಕೊನೆಗೆ ಮಾಡಬೇಕಾದ ಕೆಲಸ.

ಯಾವಾಗ ಮುಗ್ಗರಿಸಿತು?

ಬ್ರೇಕ್ ತುಳಿದು ನಿಂತು, ಕಡಿಮೆ ಆರ್‌ಪಿಎಂನಿಂದ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಡುವ ಕಾರಿನಲ್ಲಿ ಅನುಮಾನ ಮೊದಲು ಆಕ್ಸಿಲರೇಟರ್ ಪಂಪಿನ ಮೇಲೆ. ಟ್ರಾನ್ಸ್‌ಬ್ರೇಕ್ ಇರುವ ಕಾರಿನ ಲೆಕ್ಕ ಬೇರೆ. ಅಲ್ಲಿ ಗೇರ್‌ಬಾಕ್ಸನ್ನೇ ಬಿಗಿಹಿಡಿದು, ಥ್ರಾಟಲ್ ಪೂರ್ತಿ ತೆರೆದುಕೊಂಡೇ ಚಾಲಕ ಕಾಯುತ್ತಿರುತ್ತಾನೆ. ಟ್ರಾನ್ಸ್‌ಬ್ರೇಕಿನ ಗುಂಡಿ ಬಿಡುವ ಹೊತ್ತಿಗೆ ಪಂಪಿನ ಕೆಲಸ ಮುಗಿದಿರುತ್ತದೆ. ಆಗ ದೋಷ ಹುಡುಕಬೇಕಾದದ್ದು ಪೆಟ್ರೋಲಿನ ಚಲನೆಯಲ್ಲಿ, ಒತ್ತಡದಲ್ಲಿ, ಇಲ್ಲವೇ ಇಗ್ನಿಷನ್‌ನಲ್ಲಿ.

ಪಂಪಿನ ಪಿಚಕಾರಿ

ಥ್ರಾಟಲ್ ತೆರೆದೊಡನೆ ಗಾಳಿ ನುಗ್ಗುತ್ತದೆ. ಭಾರವಾದ ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಕೊರತೆಯನ್ನು ಪಂಪ್ ತುಂಬುತ್ತದೆ. ಎಂಜಿನ್ ಆರಿಸಿ, ಥ್ರಾಟಲನ್ನು ಕೂದಲೆಳೆಯಷ್ಟು ಸರಿಸಿ ನೋಡಿ: ಧಾರೆ ಆ ಕ್ಷಣವೇ ಚಿಮ್ಮಬೇಕು. ತಡವಾದರೆ ಪಂಪಿನ ಲಿವರ್ ಸಡಿಲವಿದೆ ಎಂದರ್ಥ. ಥ್ರಾಟಲ್ ಪೂರ್ತಿ ತೆರೆದಾಗಲೂ ಪಂಪಿನ ತೋಳಿಗೆ ಇನ್ನು 0.015 ಇಂಚಿನಷ್ಟು ಚಲನೆ ಉಳಿದಿರಬೇಕು.

ಕಾರ್ಬುರೇಟರ್ ಬಾಯಿಂದ ಕೆಮ್ಮಿದಂತೆ ಸದ್ದು ಬಂದರೆ ಮಿಶ್ರಣ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಕಪ್ಪು ಹೊಗೆ ಬಂದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಮೊದಲನೆಯದಕ್ಕೆ ಚಿಮ್ಮುವ ನಳಿಕೆಯ ರಂಧ್ರ ಹಿಗ್ಗಬೇಕು, ಎರಡನೆಯದಕ್ಕೆ ಕುಗ್ಗಬೇಕು. ನಳಿಕೆಯ ಮೇಲೆ 31 ಎಂದಿದ್ದರೆ ರಂಧ್ರ 0.031 ಇಂಚು. ಧಾರೆ ಎಷ್ಟು ಬೇಗ, ಎಷ್ಟು ಹೊತ್ತು ಹರಿಯಬೇಕೆಂಬುದನ್ನು ಬಣ್ಣಬಣ್ಣದ ಪ್ಲಾಸ್ಟಿಕ್ ಕ್ಯಾಮ್‌ಗಳು ತೀರ್ಮಾನಿಸುತ್ತವೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಐಡ್ಲಿಂಗ್‌ನಲ್ಲೇ ಅಡಗಿದ ದೋಷ

ರೇಸಿನ ದೊಡ್ಡ ಕ್ಯಾಮ್‌ಶಾಫ್ಟ್ ಇದ್ದರೆ ಎಂಜಿನ್ ಐಡ್ಲಿಂಗ್‌ನಲ್ಲಿ ನಿಲ್ಲುವುದೇ ಕಷ್ಟ. ಹಾಗಾಗಿ ಸ್ಕ್ರೂ ತಿರುಗಿಸಿ ಥ್ರಾಟಲ್ ತಟ್ಟೆಯನ್ನು ಸ್ವಲ್ಪ ಎತ್ತುತ್ತಾರೆ. ಐಡ್ಲಿಂಗ್‌ನಿಂದ ಮೇನ್ ಜೆಟ್‌ವರೆಗಿನ ನಡುವಿನ ಹೊತ್ತನ್ನು ದಾಟಿಸಬೇಕಾದ ಸಣ್ಣ ಸೀಳು ಆಗಲೇ ಬಯಲಾಗಿ, ಹೊರಡುವಾಗ ಕೊಡಲು ಅದರಲ್ಲಿ ಏನೂ ಉಳಿಯುವುದಿಲ್ಲ. ಹಿಂದಿನ ತಟ್ಟೆಗಳನ್ನು ತುಸು ತೆರೆದು ಮುಂದಿನವನ್ನು ಇಳಿಸುವುದು ಇದಕ್ಕೆ ಮದ್ದು. ತಟ್ಟೆಯ ಕೆಳಗೆ ಸೀಳು ಹೆಚ್ಚುಕಡಿಮೆ ಚೌಕಾಕಾರವಾಗಿ ಕಂಡರೆ ಸಾಕು.

ಹಿಂದಕ್ಕೆ ಸರಿಯುವ ಪೆಟ್ರೋಲ್

ಕಾರು 1 ಜಿ ವೇಗವರ್ಧನೆಯಲ್ಲಿ ಚಿಮ್ಮಿದರೆ ಕಾರ್ಬುರೇಟರಿನ ಬೌಲಿನೊಳಗೆ (ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ) ಪೆಟ್ರೋಲಿನ ಮಟ್ಟ 45 ಡಿಗ್ರಿ ವಾಲುತ್ತದೆ. ಹಿಂದಿನ ಬೌಲಿನಲ್ಲಿ ಜೆಟ್‌ಗಳಿರುವುದು ಮುಂಭಾಗದ ಗೋಡೆಯಲ್ಲಿ, ಪೆಟ್ರೋಲ್ ಓಡುವುದು ಹಿಂಭಾಗಕ್ಕೆ. ಜೆಟ್‌ಗಳು ಗಾಳಿ ಕುಡಿಯುತ್ತವೆ. ಅದಕ್ಕೇ ಅವಕ್ಕೆ ಉದ್ದನೆಯ ಕೊಳವೆ ಜೋಡಿಸಿ, ಕೊಳವೆಗೆ ತಾಗದಂತೆ ಕಚ್ಚು ಹಾಕಿದ ಫ್ಲೋಟ್ ಕೂರಿಸುತ್ತಾರೆ. ಮುಂದಿನ ಬೌಲಿನದು ತಿರುಗುಮುರುಗು ಕಾಯಿಲೆ: ಪೆಟ್ರೋಲ್ ಗಾಳಿಕೊಳವೆಯಿಂದ ಉಕ್ಕಿ ಎಂಜಿನ್ನನ್ನೇ ಮುಳುಗಿಸಬಹುದು.

ಟ್ಯಾಂಕ್ ಡಿಕ್ಕಿಯಲ್ಲಿದ್ದರೆ ಇನ್ನೊಂದು ತೊಡಕು. 12 ಅಡಿ ಪೈಪಿನಲ್ಲಿರುವ ಪೆಟ್ರೋಲನ್ನು 1 ಜಿಗೆ ಎದುರಾಗಿ ಮುಂದಕ್ಕೆ ತಳ್ಳಲು ಸುಮಾರು 4 ಪಿಎಸ್‌ಐ ಒತ್ತಡ ವ್ಯಯವಾಗುತ್ತದೆ. ಕಾರ್ಬುರೇಟರಿಗೆ ಬೇಕಾದದ್ದೇ 6ರಿಂದ 7. ನಿಂತ ಕಾರಿನಲ್ಲಿ ಗೇಜ್ 7 ತೋರಿಸಿತೆಂದು ನಂಬಿ ಕೂತರೆ ಕೆಟ್ಟಂತೆಯೇ. ಮುಳ್ಳನ್ನು ನೋಡಬೇಕಾದದ್ದು ಕಾರು ಹೊರಟ ಕ್ಷಣದಲ್ಲಿ. ಹೆಚ್ಚು ಒತ್ತಡದ ಪಂಪನ್ನು ಟ್ಯಾಂಕಿನ ಬಳಿ, ರೆಗ್ಯುಲೇಟರನ್ನು ಕಾರ್ಬುರೇಟರ್ ಬಳಿ ಇಡುವುದು ಇದಕ್ಕಾಗಿಯೇ.