ಗಂಡ ಬಿಟ್ಟೋಳು

ನ್ಯಾಮತಿ, ಹೊನ್ನಾಳಿ ಕಡೆಯ ಹಳ್ಳಿಗಳಲ್ಲಿ ಈಗಲೂ ಕಿವಿಗೆ ಬೀಳುವ ಮಾತು: ‘ಆಕೆ ಗಂಡ ಬಿಟ್ಟೋಳು.’ ವ್ಯಾಕರಣ ಹಿಡಿದು ನೋಡಿದರೆ ಇದಕ್ಕೆ ಎರಡು ಅರ್ಥ. ಗಂಡನೇ ಬಿಟ್ಟವಳು, ಇಲ್ಲವೇ ಗಂಡನನ್ನು ಬಿಟ್ಟವಳು. ಆಡುಮಾತು ‘ಅನ್ನು’ವನ್ನು ಸಲೀಸಾಗಿ ನುಂಗುತ್ತದೆ. ಮನೆ ಬಿಟ್ಟವನು, ಶಾಲೆ ಬಿಟ್ಟವನು, ಊರು ಬಿಟ್ಟವನು. ಊರು ಬಿಟ್ಟವನೆಂದರೆ ಊರೇ ಅವನನ್ನು ಬಿಟ್ಟಿತೆಂದು ಯಾರೂ ತಿಳಿಯುವುದಿಲ್ಲ. ಗಂಡ ಬಿಟ್ಟೋಳು ಎಂದಾಗ ಮಾತ್ರ ಬಿಟ್ಟವನು ಅವನೇ ಎಂದು ಕೇಳಿದವರೆಲ್ಲ ತೀರ್ಮಾನಿಸಿಬಿಡುತ್ತಾರೆ.

ಎಷ್ಟೋ ಸಲ ಬಿಟ್ಟವಳು ಅವಳೇ. ಅಜ್ಜಿಯರ ಕಾಲದಲ್ಲಿ ಹಾಗೆ ಬಿಡುವುದು ಒಂದು ದಿನದ ಕೆಲಸವಾಗಿರಲಿಲ್ಲ. ಮೈಮೇಲೆ ಬಾಸುಂಡೆ ಹೊತ್ತು ಮೊದಲ ಸಲ ತವರಿಗೆ ಬಂದರೆ, ‘ಹೊಂದ್ಕಂಡು ಹೋಗವ್ವ’ ಎಂದು ಅಪ್ಪನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಿದ್ದ. ಮತ್ತೆ ಬಂದರೆ ಹಿರಿಯರು ಕೂತು ಪಂಚಾಯ್ತಿ ಮಾಡಿ, ಅವನಿಗೂ ನಾಲ್ಕು ಮಾತು ಹೇಳಿ, ಇವಳನ್ನು ಕಳಿಸುತ್ತಿದ್ದರು. ಅದರ ಮೇಲೂ ಬಂದು, ‘ಕೆರೆನೋ ಬಾವಿನೋ ನೋಡ್ಕಂತೀನಿ, ಆ ಮನೆಗೆ ಮಾತ್ರ ಹೋಗಲ್ಲ’ ಎಂದು ಪಟ್ಟು ಹಿಡಿದು ಕೂತವಳಿಗೆ ಸಿಕ್ಕ ಹೆಸರು ಇದು. ಹೋಗಲ್ಲ ಎಂಬ ಅವಳ ಮಾತಿಗೆ ಆ ಹೆಸರಿನಲ್ಲಿ ಜಾಗವೇ ಇಲ್ಲ. ಮುಂದೆ ಅಣ್ಣನ ಮನೆಯ ಚಾಕರಿ, ಅತ್ತಿಗೆಯ ಮುಖ, ನಾಟಿ, ಕಳೆ, ಕೂಲಿ. ಮಗುವನ್ನು ಅಲ್ಲೇ ಬಿಟ್ಟು ಬರಬೇಕಾದವಳ ಸಂಕಟಕ್ಕಂತೂ ಯಾವ ಹೆಸರೂ ಸಿಗಲಿಲ್ಲ.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು ಅಕ್ಕಮಹಾದೇವಿ. ಅವಳಿಗೂ ಕೌಶಿಕನಿಗೂ ಮದುವೆಯಾಗಿತ್ತು, ಅವನು ಮಾತಿಗೆ ತಪ್ಪಿದಾಗ ಬಿಟ್ಟು ಹೊರಟಳು ಎನ್ನುತ್ತಾನೆ ಹರಿಹರ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಇಲ್ಲ. ನನಗೆ ಹರಿಹರನ ಕಥೆಯೇ ಹೆಚ್ಚು ಧೈರ್ಯದ್ದೆನಿಸುತ್ತದೆ. ಕಟ್ಟಿಕೊಂಡದ್ದನ್ನು ಬಿಡುವ ಕಷ್ಟ ಅದರಲ್ಲಿದೆ. ಆದರೆ ಅಕ್ಕನನ್ನು ಪೂಜಿಸುವ ಸೀಮೆಯೇ ಮನೆಗೆ ಮರಳಿದ ಮಗಳನ್ನು ಪೂಜೆಯ ದಿನ ಹಿತ್ತಲಿಗೆ ಕಳಿಸಿತು.

ಹಲವು ಜಾತಿಗಳಲ್ಲಿ ಇನ್ನೊಂದು ದಾರಿ ತೆರೆದೇ ಇತ್ತು: ಕೂಡಿಕೆ, ಉಡಿಕೆ, ಸೀರೆ ಉಡಿಕೆ. ಬಿಡುಗಡೆ ಪಡೆದವಳೂ ವಿಧವೆಯೂ ಹೀಗೆ ಮತ್ತೆ ಸಂಸಾರ ಹೂಡಬಹುದಿತ್ತು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಮೈಸೂರು ಸೀಮೆಯ ಜಾತಿಗಳ ಬಗ್ಗೆ ಬರೆದ ಸಂಪುಟಗಳಲ್ಲಿ ಇದರ ವಿವರ ಉದ್ದಕ್ಕೂ ಇದೆ. ಜೊತೆಗೆ, ಕೂಡಿಕೆಯಾದವಳನ್ನು ಮದುವೆಯಂಥ ಶುಭಕಾರ್ಯಗಳಲ್ಲಿ ಮುತ್ತೈದೆಯರ ಸಾಲಿಗೆ ಸೇರಿಸದಿದ್ದ ವಿವರವೂ ಇದೆ.

ಕಾನೂನು ಇವಳ ಬಳಿಗೆ ಬಂದದ್ದು ನಿಧಾನವಾಗಿ. 1955ರ ಹಿಂದೂ ವಿವಾಹ ಕಾಯ್ದೆ ರೂಢಿಯ ಬಿಡುಗಡೆಯನ್ನು ಹಾಗೆಯೇ ಉಳಿಸಿತು. ಆದರೆ ಕೋರ್ಟಿಗೆ ಹೋದವಳಿಗೆ, ‘ಹೊಡೆಯುತ್ತಾನೆ’ ಎನ್ನುವ ಕಾರಣ ಬೇರೆ ವಾಸಕ್ಕೆ ಸಾಕಿತ್ತು, ವಿಚ್ಛೇದನಕ್ಕೆ ಸಾಲುತ್ತಿರಲಿಲ್ಲ. ಕ್ರೌರ್ಯವೇ ವಿಚ್ಛೇದನಕ್ಕೆ ಕಾರಣವಾದದ್ದು 1976ರ ತಿದ್ದುಪಡಿಯಿಂದ. ಹಾಗಿರುವಾಗ, ಅದಕ್ಕೂ ಮೊದಲು ಕೋರ್ಟು ಕಾಗದದ ಹಂಗಿಲ್ಲದೆ ಹೊರಬಿದ್ದ ಹೆಂಗಸು ಕಾನೂನಿಗಿಂತ ಮುಂದೆ ನಡೆದಿದ್ದಳು.

ನನ್ನನ್ನು ಹೆಚ್ಚು ಕಾಡುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮು. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮನೆಯನ್ನು ಪಾಲು ಮಾಡಿರೆಂದು ಕೇಳುವ ಹಕ್ಕನ್ನು ಅದು ಮಗಳಿಗೆ ಕೊಡಲಿಲ್ಲ. ಅಲ್ಲಿ ವಾಸಿಸುವ ಹಕ್ಕು ಕೂಡ ಮದುವೆಯಾಗದವಳಿಗೆ, ವಿಧವೆಗೆ, ಗಂಡ ತೊರೆದವಳಿಗೆ ಮತ್ತು ಗಂಡನಿಂದ ಬೇರೆಯಾದವಳಿಗೆ ಮಾತ್ರ. ಊರಿನ ಬಾಯಿ ಒಂದೇ ಮಾಡಿದ್ದ ಕೊನೆಯ ಇಬ್ಬರನ್ನು ಕಾನೂನಾದರೂ ಬೇರೆ ಬೇರೆಯಾಗಿ ಹೆಸರಿಸಿತು. ‘ನಿನಗೂ ಈ ಮನೆಯಲ್ಲಿ ಇರುವ ಹಕ್ಕಿದೆ’ ಎಂದು ಅವಳನ್ನು ಕೂರಿಸಿಕೊಂಡು ಹೇಳಿದ ಅಣ್ಣಂದಿರು ಅಪರೂಪ.

2005ರಲ್ಲಿ ಆ ಕಲಮು ಹೋಗಿ ಮಗಳಿಗೂ ಸಮಪಾಲು ಬಂತು. ಆ ಹೊತ್ತಿಗೆ ಇವರಲ್ಲಿ ಹಲವರು ಅಣ್ಣನ ಮಕ್ಕಳನ್ನು ಎತ್ತಿ ಆಡಿಸಿ, ಅವರ ಮದುವೆಗಳಲ್ಲಿ ಅಡುಗೆಮನೆ ನೋಡಿಕೊಂಡು, ಮುದುಕಿಯರಾಗಿದ್ದರು. ಎಂಬತ್ತು ದಾಟಿದ ಕೆಲವರು ಇನ್ನೂ ಇದ್ದಾರೆ. ಬಿಟ್ಟು ಬಂದ ದಿನ ಯಾವ ದಾರಿ ಹಿಡಿದರು, ಸೆರಗಿನಲ್ಲಿ ಏನು ಕಟ್ಟಿಕೊಂಡಿದ್ದರು, ಬಾಗಿಲು ಯಾರು ತೆಗೆದರು ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲು ಹೆಚ್ಚು ವರ್ಷ ಉಳಿದಿಲ್ಲ.