ಕಾರ್ಮಿಕ ನಾಯಕ ಸೋತ ಊರು

ಯಲಹಂಕದ ರೈಲು ಗಾಲಿ ಕಾರ್ಖಾನೆಯ ಗೋಡೆ ಬಸ್ಸಿನ ಕಿಟಕಿಯಲ್ಲಿ ಕಂಡಾಗಲೆಲ್ಲ ನನಗೆ 1984ರ ಲೋಕಸಭಾ ಚುನಾವಣೆ ನೆನಪಾಗುತ್ತದೆ. ಆ ವರ್ಷ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಜನತಾ ಪಕ್ಷದಿಂದ ನಿಂತಿದ್ದವರು ಜಾರ್ಜ್ ಫರ್ನಾಂಡಿಸ್. ದೇಶದ ರೈಲುಗಳನ್ನೇ ನಿಲ್ಲಿಸಿದ್ದ ಮನುಷ್ಯ, ಕಾರ್ಖಾನೆಗಳಿಂದ ತುಂಬಿದ ಈ ಭಾಗದಲ್ಲಿ ಸೋತರು. ಗೆದ್ದವರು ಕಾಂಗ್ರೆಸ್ಸಿನ ಸಿ.ಕೆ. ಜಾಫರ್ ಷರೀಫ್.

ಜಾರ್ಜ್‌ಗೆ ಈ ಊರು ಹೊಸದೇನಲ್ಲ. ಮಂಗಳೂರಿನ ಹುಡುಗ 1946ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಪಾದ್ರಿಯಾಗಲೆಂದು ಬಂದದ್ದು ಬೆಂಗಳೂರಿನ ಸೆಮಿನರಿಗೆ. ಗುರುಗಳಿಗೊಂದು ಊಟ, ವಿದ್ಯಾರ್ಥಿಗಳಿಗೊಂದು ಊಟ ಎಂಬ ಭೇದ ಕಂಡು ಬೇಸತ್ತು ಹೊರಬಂದದ್ದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ಮುಂಬೈ, ಬಂದರು ಕಾರ್ಮಿಕರು, ಟ್ಯಾಕ್ಸಿ ಚಾಲಕರು. 1974ರ ಮೇ 8ರಂದು ರೈಲ್ವೆ ಮುಷ್ಕರ ಆರಂಭವಾಗುವ ಹೊತ್ತಿಗೆ ಅವರು ಅಖಿಲ ಭಾರತ ರೈಲ್ವೆ ಕಾರ್ಮಿಕರ ಒಕ್ಕೂಟದ ಅಧ್ಯಕ್ಷರು. ಬೋನಸ್, ವೇತನ ಸಮಾನತೆ, ಎಂಜಿನ್ ಚಾಲಕರಿಗೆ ಎಂಟು ಗಂಟೆಯ ಕೆಲಸ ಬೇಡಿಕೆಗಳಾಗಿದ್ದವು. ಸರ್ಕಾರ ಮಾತುಕತೆ ಮುಗಿಯುವ ಮೊದಲೇ, ಮೇ 2ರಂದು, ಅವರನ್ನು ಬಂಧಿಸಿತು; ಮುಷ್ಕರ ಕಾನೂನುಬಾಹಿರ ಎಂದಿತು. ಮೇ 27ಕ್ಕೆ ಮುಷ್ಕರ ಹಿಂತೆಗೆಯಬೇಕಾಯಿತು. ಕೆಲಸ ಕಳೆದುಕೊಂಡವರು ಮರಳಿದ್ದು 1977ರ ಜನತಾ ಸರ್ಕಾರದಲ್ಲಿ, ಮಧು ದಂಡವತೆ ರೈಲ್ವೆ ಸಚಿವರಾದ ಮೇಲೆ. ಬೋನಸ್ ಬಂದದ್ದು 1979ರಲ್ಲಿ. ಸೋತಂತೆ ಕಂಡ ಮುಷ್ಕರದ ಫಲ ಐದು ವರ್ಷ ತಡವಾಗಿ ಬಂತು.

ಹಾಗಾದರೆ ಕಾರ್ಮಿಕರ ಊರು ಅವರನ್ನು ಏಕೆ ಕೈಬಿಟ್ಟಿತು? ಉತ್ತರದ ಒಂದು ಭಾಗ ನಮ್ಮ ಮನೆಯಲ್ಲೇ ಇತ್ತು. ನಮ್ಮ ತಂದೆ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ಕೆಲಸಗಾರರು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮುಂತಾದ ಸಾರ್ವಜನಿಕ ಉದ್ಯಮಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಬಿಎಚ್‌ಇಎಲ್ ನೌಕರರಿಗೆ ಸಮನಾದ ಸಂಬಳ ಬೇಕೆಂಬುದು ಮುಖ್ಯ ಬೇಡಿಕೆ. ಅದು ಈಡೇರಲಿಲ್ಲ. ಆ ದಿನಗಳಲ್ಲಿ ಅಂಗಡಿಯ ಸಾಲದ ಪುಸ್ತಕ ಎಷ್ಟು ದಪ್ಪವಾಗಿತ್ತೆಂದು ಅಮ್ಮ ಹೇಳುತ್ತಿದ್ದಳು. ಮುಷ್ಕರ ಸರಿಯೆಂದು ನಂಬುವುದು ಬೇರೆ, ಇನ್ನೊಂದಕ್ಕೆ ಮೈಯೊಡ್ಡುವುದು ಬೇರೆ.

ಇನ್ನೊಂದು ಭಾಗ ಕಾಲದ್ದು. ಇಂದಿರಾ ಗಾಂಧಿ ಹತ್ಯೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜೊತೆಗೆ ಷರೀಫರು ಆಗತಾನೇ ರೈಲ್ವೆ ರಾಜ್ಯ ಸಚಿವರಾಗಿದ್ದವರು. ಯಲಹಂಕದ ಕಾರ್ಖಾನೆ ಕೆಲಸ ಶುರುಮಾಡಿದ್ದೂ ಅದೇ ವರ್ಷ. ಒಬ್ಬರು ಗಾಲಿ ನಿಲ್ಲಿಸಿದವರು, ಇನ್ನೊಬ್ಬರ ಹೆಸರಿನೊಂದಿಗೆ ಜನ ಗಾಲಿ ಮಾಡುವ ಕಾರ್ಖಾನೆಯನ್ನೇ ಸೇರಿಸಿ ಮಾತಾಡುತ್ತಿದ್ದರು. ಆದರೆ ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಇದೇ ರಾಜ್ಯ ವಿಧಾನಸಭೆಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಬಹುಮತ ಕೊಟ್ಟಿತು. ಹಾಗಾಗಿ ಈ ಸೋಲನ್ನು ಕಾರ್ಮಿಕ ಹೋರಾಟದ ತಿರಸ್ಕಾರ ಎಂದು ಓದಲಾಗದು.

ಮುಂದೆ ಇಬ್ಬರೂ ರೈಲ್ವೆ ಸಚಿವರಾದರು: ಜಾರ್ಜ್ 1989ರಲ್ಲಿ, ಷರೀಫ್ 1991ರಲ್ಲಿ. ಒಬ್ಬರಿಗೆ ಕೊಂಕಣ ರೈಲ್ವೆಯ ಹೆಸರು, ಇನ್ನೊಬ್ಬರಿಗೆ ಗೇಜ್ ಪರಿವರ್ತನೆಯ ಹೆಸರು. ಜಾರ್ಜ್ ಆಮೇಲೆ ವಾಜಪೇಯಿ ಸಂಪುಟದಲ್ಲಿ ರಕ್ಷಣಾ ಸಚಿವರಾದಾಗ ಹಳೆಯ ಸಂಗಾತಿಗಳು ಹಲವರು ದೂರವಾದರು. ಆದರೂ 2002ರಲ್ಲಿ ಸರ್ಕಾರಿ ತೈಲ ಕಂಪನಿಗಳನ್ನು ಮಾರುವ ಯೋಚನೆಯನ್ನು ಅವರು ಸಂಪುಟದೊಳಗಿದ್ದೇ ವಿರೋಧಿಸಿದರು.

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮುಷ್ಕರಕ್ಕೆ ಮುಂಚೆ ನೋಟಿಸ್ ಕೊಡಬೇಕೆಂಬ ನಿಯಮ ರೈಲ್ವೆಯಂಥ ಸಾರ್ವಜನಿಕ ಸೇವೆಗಳಿಗಷ್ಟೇ ಇತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಎಲ್ಲ ಕೈಗಾರಿಕೆಗಳಿಗೂ 14 ದಿನದ ನೋಟಿಸ್ ಬೇಕು. ನೋಟಿಸ್ ಕೊಟ್ಟೇ ಮುಷ್ಕರಕ್ಕೆ ಹೊರಟ ನಾಯಕನನ್ನು ಮುಷ್ಕರಕ್ಕೆ ಮೊದಲೇ ಹಿಡಿದದ್ದನ್ನು ನೆನೆದರೆ, ಆ ಹದಿನಾಲ್ಕು ದಿನ ಯಾರ ಕೈಗೆ ಸಿಗುತ್ತದೆಂಬ ಪ್ರಶ್ನೆ ಏಳುತ್ತದೆ.

1984ರಲ್ಲಿ ತಂದೆ ಯಾರಿಗೆ ಮತ ಹಾಕಿದರೆಂದು ಒಮ್ಮೆ ಕೇಳಿದ್ದೆ. ಅವರು ಹೇಳಲಿಲ್ಲ. ಜಾರ್ಜ್ ತೀರಿಕೊಂಡ ಸುದ್ದಿ ಬಂದ 2019ರ ಜನವರಿಯ ಆ ಬೆಳಿಗ್ಗೆ ಮಾತ್ರ ಪೇಪರನ್ನು ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು.